ಲೆಕ್ಕ ಬಲ್ಲ ಮಗು: ಅಮಾನತ್ತೇ, ಬಂಡವಾಳವೇ?

ಫರಾಯಿಝ್ ಎಂದರೆ ಮೃತರ ಆಸ್ತಿಯನ್ನು ವಾರಸುದಾರರಿಗೆ ಹಂಚುವ ವಿದ್ಯೆ. ಕೆಲವು ವರ್ಷಗಳ ಹಿಂದೆ ಒಂದು ಮುಂಜಾನೆ ಕಾಪುವಿನ ಸಮೀಪದ ಮದ್ರಸವೊಂದರಲ್ಲಿ ನಾವು ಅದರ ಪ್ರಾಥಮಿಕ ಪಾಠವನ್ನು ಹಿರಿಯ ಮಕ್ಕಳಿಗೆ ಹೇಳುತ್ತಿದ್ದೆವು. ಕರಿಹಲಗೆಯ ಮೇಲೆ ಬರೆದಿದ್ದ ಉದಾಹರಣೆ ಹೀಗಿತ್ತು: ಒಬ್ಬ ವ್ಯಕ್ತಿ ನಿಧನನಾಗಿದ್ದಾನೆ. ಪತ್ನಿ, ಇಬ್ಬರು ಪುತ್ರಿಯರು, ತಂದೆ ಮತ್ತು ತಾಯಿ ಉಳಿದಿದ್ದಾರೆ. ಪತ್ನಿಗೆ ಎಂಟನೇ ಒಂದು ಪಾಲು, ಪುತ್ರಿಯರಿಬ್ಬರಿಗೂ ಸೇರಿ ಮೂರನೇ ಎರಡು ಪಾಲು, ತಂದೆ ತಾಯಿಗೆ ತಲಾ ಆರನೇ ಒಂದು ಪಾಲು. ನಾವು ಮುಂದಿನ ವಾಕ್ಯಕ್ಕೆ ಹೋಗುವ ಮೊದಲೇ ಹನ್ನೆರಡರ ಹರೆಯದ ಬಾಲಕನೊಬ್ಬ ಕೈಯೆತ್ತಿದ. "ಉಸ್ತಾದ್, ಇದು ಸಾಲುವುದಿಲ್ಲ. ಇಪ್ಪತ್ತನಾಲ್ಕು ಪಾಲು ಮಾಡಿದರೆ ಕೊಡಬೇಕಾದದ್ದು ಇಪ್ಪತ್ತೇಳು ಆಗುತ್ತದೆ" ಎಂದ. ಅವನು ಪೆನ್ನನ್ನು ಮುಟ್ಟಿಯೂ ಇರಲಿಲ್ಲ.

ಇದು ಇಸ್ಲಾಮೀ ಕರ್ಮಶಾಸ್ತ್ರದ ಇತಿಹಾಸದಲ್ಲಿ ಪ್ರಸಿದ್ಧವಾದ ಸಮಸ್ಯೆ. ಕೂಫಾದ ಮಸೀದಿಯ ಮಿಂಬರಿನ ಮೇಲೆ ಭಾಷಣ ಮಾಡುತ್ತಿದ್ದ ಹಝ್ರತ್ ಅಲಿ(ರ)ರವರಲ್ಲಿ ಒಬ್ಬರು ಇದೇ ಪ್ರಶ್ನೆಯನ್ನು ಕೇಳಿದರೆಂದೂ, ಅವರು ಮಾತು ನಿಲ್ಲಿಸದೆಯೇ ಪತ್ನಿಯ ಎಂಟನೇ ಒಂದು ಪಾಲು ಒಂಬತ್ತನೇ ಒಂದಾಯಿತೆಂದು ಉತ್ತರಿಸಿದರೆಂದೂ ವರದಿಯಿದೆ. ಆದ್ದರಿಂದಲೇ ಇದಕ್ಕೆ ಮಿಂಬರಿಯ್ಯ ಎಂಬ ಹೆಸರು ಬಂದಿದೆ. ಆಸ್ತಿಯನ್ನು 24ರ ಬದಲು 27 ಪಾಲು ಮಾಡಿ ಪುತ್ರಿಯರಿಗೆ 16, ತಂದೆಗೆ 4, ತಾಯಿಗೆ 4, ಪತ್ನಿಗೆ 3 ಕೊಟ್ಟರೆ ಎಲ್ಲರ ಪಾಲೂ ಒಂದೇ ಪ್ರಮಾಣದಲ್ಲಿ ತಗ್ಗುತ್ತದೆ, ಯಾರಿಗೂ ಅನ್ಯಾಯವಾಗುವುದಿಲ್ಲ. ಈ ವಿಧಾನವನ್ನು ವಿದ್ವಾಂಸರು ಔಲ್ ಎನ್ನುತ್ತಾರೆ.

ಆ ದಿನ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಆ ಸಂತೋಷದಲ್ಲಿ ನಾವೊಂದು ತಪ್ಪನ್ನೂ ಮಾಡಿದೆವು. ಅದನ್ನು ಹೇಳುವ ಮೊದಲು ಇತಿಹಾಸದ ಕೆಲವು ಪುಟಗಳನ್ನು ತಿರುವುವುದು ಉಚಿತ. ಪ್ರತಿಭೆಯುಳ್ಳ ಮಗುವನ್ನು ಹೇಗೆ ಬೆಳೆಸಬೇಕೆಂಬ ಪ್ರಶ್ನೆ ಇಂದಿನದಲ್ಲ. ಹಿಂದಿನವರು ಅದಕ್ಕೆ ಉತ್ತರ ಕೊಟ್ಟಿದ್ದಾರೆ, ಕೆಲವರು ತಮ್ಮ ಬಾಲ್ಯವನ್ನೇ ಬೆಲೆಯಾಗಿ ತೆತ್ತು ಪಾಠ ಕಲಿಸಿದ್ದಾರೆ.

ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಖಲೀಫ ಮಅಮೂನರ ಆಶ್ರಯದಲ್ಲಿದ್ದ ಮುಹಮ್ಮದ್ ಬಿನ್ ಮೂಸಾ ಅಲ್ ಖ್ವಾರಿಝ್ಮಿ ಬೀಜಗಣಿತದ ತಮ್ಮ ಗ್ರಂಥವನ್ನು ರಚಿಸಿದರು. ಜನರಿಗೆ ಆಸ್ತಿಹಂಚಿಕೆ, ವಸಿಯ್ಯತ್, ವ್ಯಾಪಾರ, ಭೂಮಾಪನಗಳಲ್ಲಿ ನೆರವಾಗಲೆಂದು ಅದನ್ನು ಬರೆದುದಾಗಿ ಅವರೇ ತಿಳಿಸಿದ್ದಾರೆ. ಗ್ರಂಥದ ದೊಡ್ಡದೊಂದು ಭಾಗ ವಾರಸಿನ ಲೆಕ್ಕಗಳಿಗೇ ಮೀಸಲು. 'ಆಲ್ಜೀಬ್ರಾ' ಎಂಬ ಪದ ಆ ಗ್ರಂಥದ ಶೀರ್ಷಿಕೆಯಿಂದಲೂ, 'ಅಲ್ಗಾರಿದಮ್' ಎಂಬ ಪದ ಅವರ ಹೆಸರಿನಿಂದಲೂ ಹುಟ್ಟಿದವು. ವಿಧವೆಯ ಪಾಲು ತಪ್ಪಬಾರದು, ಅನಾಥನ ಹಕ್ಕು ಕಳೆಯಬಾರದು ಎಂಬ ಕಾಳಜಿ ಆ ಗಣಿತದ ಬುಡದಲ್ಲಿತ್ತು.

ಅದೇ ಶತಮಾನದಲ್ಲಿ ನಮ್ಮ ಕನ್ನಡ ನಾಡೂ ಲೆಕ್ಕದಲ್ಲಿ ಹಿಂದಿರಲಿಲ್ಲ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ ಅಂದು ಮಾನ್ಯಖೇಟವೆಂಬ ರಾಷ್ಟ್ರಕೂಟ ರಾಜಧಾನಿಯಾಗಿತ್ತು. ಅಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲದಲ್ಲಿ ಜೈನ ವಿದ್ವಾಂಸ ಮಹಾವೀರಾಚಾರ್ಯರು ಸುಮಾರು 850ರ ವೇಳೆಗೆ 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದರು. 851ರ ಅರಬೀ ವೃತ್ತಾಂತವೊಂದು ಈ ರಾಷ್ಟ್ರಕೂಟ ದೊರೆಗಳನ್ನು 'ಬಲ್ಹರಾ' ಎಂದು ಕರೆದು ಗೌರವದಿಂದ ಸ್ಮರಿಸಿದೆ.

ಮಹಾವೀರಾಚಾರ್ಯರ ಒಂದು ಲೆಕ್ಕವನ್ನು ನಾವು ಮಕ್ಕಳಿಗೆ ಹೇಳುವುದುಂಟು. ಮಾವಿನಹಣ್ಣುಗಳ ರಾಶಿಯೊಂದಿದೆ. ರಾಜನು ಆರನೇ ಒಂದು ಭಾಗವನ್ನು ತೆಗೆದುಕೊಂಡ. ಉಳಿದುದರಲ್ಲಿ ಐದನೇ ಒಂದನ್ನು ರಾಣಿ ತೆಗೆದುಕೊಂಡಳು. ಅನಂತರ ಮೂವರು ರಾಜಕುಮಾರರು ಒಬ್ಬರಾದ ಮೇಲೊಬ್ಬರಂತೆ, ಉಳಿದುದರ ನಾಲ್ಕನೇ ಒಂದು, ಮೂರನೇ ಒಂದು ಮತ್ತು ಅರ್ಧವನ್ನು ಪಡೆದರು. ಕೊನೆಯಲ್ಲಿ ಉಳಿದ ಮೂರು ಹಣ್ಣುಗಳು ಕಿರಿಯ ಮಗುವಿಗೆ ಸಿಕ್ಕಿದವು. ಹಾಗಾದರೆ ಒಟ್ಟು ಎಷ್ಟು? ಉತ್ತರ 18. ರಾಜನಿಗೆ ಸಿಕ್ಕಿದ್ದೂ ಮೂರು, ರಾಣಿಗೂ ಮೂರು, ಪ್ರತಿಯೊಬ್ಬನಿಗೂ ಮೂರು! ಬೇರೆ ಬೇರೆ ಭಿನ್ನರಾಶಿಗಳು ಕೊನೆಗೆ ಸಮಪಾಲಾಗಿ ನಿಲ್ಲುವುದನ್ನು ಕಂಡಾಗ ಮಕ್ಕಳ ಮುಖ ಅರಳುತ್ತದೆ. ಈ ಅರಳುವಿಕೆಯೇ ಗಣಿತದ ಪ್ರಾಣ. ಬಗ್ದಾದಿನ ಲೆಕ್ಕದ ಹಿಂದೆ ನ್ಯಾಯದ ಕಾಳಜಿಯಿತ್ತು, ಮಳಖೇಡದ ಲೆಕ್ಕದಲ್ಲಿ ಬೆರಗಿತ್ತು. ಎರಡೂ ಕಡೆ ರ‍್ಯಾಂಕಿನ ಭಯವಿರಲಿಲ್ಲ.

ಇನ್ನು ಪ್ರತಿಭಾವಂತ ಬಾಲಕರೊಡನೆ ನಮ್ಮ ಪೂರ್ವಿಕರು ಹೇಗೆ ವರ್ತಿಸಿದರು? ಝೈದ್ ಬಿನ್ ಸಾಬಿತ್(ರ)ರವರ ಬಾಲ್ಯವನ್ನು ನೋಡೋಣ. ಪ್ರವಾದಿ(ಸ)ರವರು ಮದೀನಕ್ಕೆ ಆಗಮಿಸಿದಾಗ ಅವರು ಹನ್ನೊಂದರ ಬಾಲಕ. ಬದ್ರ್‌ಗೆ ಹೊರಟವರ ಜೊತೆ ಸೇರಲು ಬಯಸಿದಾಗ ವಯಸ್ಸು ಸಾಲದೆಂದು ಅವರನ್ನು ಹಿಂದಕ್ಕೆ ಕಳುಹಿಸಲಾಯಿತು ಎಂದು ಚರಿತ್ರೆ ಹೇಳುತ್ತದೆ. ಅದೇ ಬಾಲಕನ ಬುದ್ಧಿಶಕ್ತಿಯನ್ನು ಗುರುತಿಸಿದ ಪ್ರವಾದಿ(ಸ)ರವರು ಯಹೂದಿಗಳ ಬರವಣಿಗೆಯನ್ನು ಕಲಿಯುವಂತೆ ಸೂಚಿಸಿದರು. ಝೈದ್(ರ) ಸುಮಾರು ಹದಿನೈದು ದಿನಗಳಲ್ಲಿ ಅದನ್ನು ಕಲಿತರು. ಮುಂದೆ ಅವರೇ ಫರಾಯಿಝ್ ವಿದ್ಯೆಯಲ್ಲಿ ಸಹಾಬಿಗಳ ಪೈಕಿ ಅಗ್ರಗಣ್ಯರೆನಿಸಿದರು, ಅಬೂಬಕ್ಕರ್(ರ)ರವರ ಕಾಲದಲ್ಲಿ ಕುರ್‌ಆನ್ ಸಂಗ್ರಹದ ಗುರುತರ ಹೊಣೆಯನ್ನೂ ಹೊತ್ತರು. ಇಲ್ಲಿ ಗಮನಿಸಬೇಕಾದ ವಿಷಯ ಎರಡು. ಮಗುವಿನ ಬುದ್ಧಿಗೆ ತಕ್ಕ ಕೆಲಸ ದೊರೆಯಿತು, ಮಗುವಿನ ವಯಸ್ಸಿಗೆ ಮೀರಿದ ಭಾರವನ್ನು ಹೇರಲಿಲ್ಲ. ಬುದ್ಧಿ ಹಿರಿದಾದ ಮಾತ್ರಕ್ಕೆ ಮಗು ಹಿರಿಯನಾಗುವುದಿಲ್ಲ.

ನಂತರದ ವಿದ್ವಾಂಸರು ಇದನ್ನು ಶಿಕ್ಷಣದ ನಿಯಮವಾಗಿಯೇ ವಿವರಿಸಿದ್ದಾರೆ. 1111ರಲ್ಲಿ ನಿಧನರಾದ ಇಮಾಮ್ ಗಝಾಲಿ(ರಹ್) 'ಇಹ್ಯಾ ಉಲೂಮಿದ್ದೀನ್' ಗ್ರಂಥದಲ್ಲಿ ಪಾಠ ಮುಗಿದ ಮೇಲೆ ಮಗುವಿಗೆ ಆಟವಾಡಲು ಬಿಡಬೇಕೆಂದು ಹೇಳುತ್ತಾರೆ. ಆಟವನ್ನು ತಡೆದು ಸದಾ ಕಲಿಕೆಯಲ್ಲೇ ದಣಿಸಿದರೆ ಮಗುವಿನ ಹೃದಯ ಸಾಯುತ್ತದೆ, ಬುದ್ಧಿ ಮಂಕಾಗುತ್ತದೆ, ಕೊನೆಗೆ ಅದು ಕಲಿಕೆಯಿಂದ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತದೆ ಎಂಬುದು ಅವರ ಎಚ್ಚರಿಕೆ. ಇಬ್ನು ಖಲ್ದೂನ್(ರಹ್) 1377ರಲ್ಲಿ ರಚಿಸಿದ 'ಮುಕದ್ದಿಮ'ದಲ್ಲಿ ವಿದ್ಯಾರ್ಥಿಗಳ ಮೇಲಿನ ಕಠೋರತೆಯ ಹಾನಿಯ ಕುರಿತು ಒಂದು ಅಧ್ಯಾಯವನ್ನೇ ಬರೆದಿದ್ದಾರೆ. ಬಲವಂತದಲ್ಲಿ ಬೆಳೆದ ಮಗು ಉತ್ಸಾಹ ಕಳೆದುಕೊಂಡು, ಶಿಕ್ಷೆಯ ಭಯದಿಂದ ಸುಳ್ಳನ್ನೂ ಕಪಟವನ್ನೂ ಅಭ್ಯಾಸ ಮಾಡಿಕೊಳ್ಳುತ್ತದೆ ಎಂದು ಅವರು ಕಂಡುಕೊಂಡರು. ಇದೇ ಇಬ್ನು ಖಲ್ದೂನ್ ಅಂಕಗಣಿತವನ್ನು ಬೋಧನೆಯ ಆರಂಭಕ್ಕೆ ಯೋಗ್ಯವಾದ ವಿದ್ಯೆಯೆಂದು ಹೊಗಳಿದವರು ಕೂಡಾ. ಲೆಕ್ಕವನ್ನು ಪ್ರೀತಿಸಿದವರೇ ಒತ್ತಡವನ್ನು ವಿರೋಧಿಸಿದರು ಎಂಬುದನ್ನು ನಾವು ಮರೆಯಬಾರದು.

ನಮ್ಮ ನಾಡಿನಲ್ಲೇ ಇದಕ್ಕೊಂದು ದೊಡ್ಡ ನಿದರ್ಶನವಿದೆ. 1929ರ ನವೆಂಬರ್ 4ರಂದು ಬೆಂಗಳೂರಿನ ಕನ್ನಡ ಕುಟುಂಬವೊಂದರಲ್ಲಿ ಜನಿಸಿದ ಶಕುಂತಲಾ ದೇವಿಯವರ ಸಾಧನೆ ಎಲ್ಲರಿಗೂ ಗೊತ್ತು. 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು 50 ಸೆಕೆಂಡುಗಳಲ್ಲಿ ಹೇಳಿದರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದರು. ಆದರೆ ಆ ಪ್ರತಿಭೆಯ ಬಾಲ್ಯವನ್ನು ನಾವು ಅಷ್ಟಾಗಿ ಕೇಳುವುದಿಲ್ಲ. ತಂದೆ ಸರ್ಕಸ್ಸಿನಲ್ಲಿದ್ದವರು. ಮೂರು ವರ್ಷದ ಮಗುವಿಗೆ ಇಸ್ಪೀಟೆಲೆಗಳ ಕೈಚಳಕ ಕಲಿಸುವಾಗ ಅದರ ಸ್ಮರಣಶಕ್ತಿ ಬೆಳಕಿಗೆ ಬಂತು. ತಂದೆ ಸರ್ಕಸ್ ಬಿಟ್ಟು ಮಗಳನ್ನು ಊರೂರಿಗೆ ಕರೆದೊಯ್ದು ಪ್ರದರ್ಶನ ನೀಡತೊಡಗಿದರು. ಆರರ ವಯಸ್ಸಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರದರ್ಶನವಾಯಿತು. ಬಡ ಕುಟುಂಬದ ಅನ್ನ ಆ ಮಗುವಿನ ಲೆಕ್ಕವನ್ನು ಅವಲಂಬಿಸಿತು. ಕ್ರಮಬದ್ಧವಾದ ಶಾಲಾ ಶಿಕ್ಷಣ ಅವರಿಗೆ ದೊರೆಯಲೇ ಇಲ್ಲ. ಜಗತ್ತು ಅವರನ್ನು ಮಾನವ ಕಂಪ್ಯೂಟರ್ ಎಂದು ಕರೆಯಿತು. ಚಪ್ಪಾಳೆ ತಟ್ಟಿದವರಿಗೆ ಉತ್ತರ ಬೇಕಿತ್ತು, ಶಾಲೆಯಿಲ್ಲದ ಬಾಲ್ಯದ ಲೆಕ್ಕವನ್ನು ಕೇಳಿದವರು ಕಡಿಮೆ. 2013ರಲ್ಲಿ ನಿಧನರಾದ ಆ ಮಹಿಳೆಯ ಬಗ್ಗೆ ನಮಗೆ ಗೌರವವಿದೆ. ಆ ತಂದೆಯನ್ನು ದೂರುವುದೂ ನಮ್ಮ ಉದ್ದೇಶವಲ್ಲ, ಹಸಿವು ಮನುಷ್ಯನಿಂದ ಏನನ್ನೆಲ್ಲ ಮಾಡಿಸುತ್ತದೆಂದು ನಾವು ಬಲ್ಲೆವು. ಆದರೆ ಹಸಿವಿಲ್ಲದ ಮನೆಗಳಲ್ಲಿಯೂ ನಾವು ಅದನ್ನೇ ಮಾಡುತ್ತಿದ್ದರೆ ಅದಕ್ಕೆ ಏನು ನೆಪ ಹೇಳೋಣ?

ಇದಕ್ಕೆ ವ್ಯತಿರಿಕ್ತವಾದ ಬಾಲ್ಯ ಮರ್ಯಮ್ ಮಿರ್ಝಾಖಾನಿಯವರದು. 1977ರಲ್ಲಿ ತೆಹ್ರಾನಿನಲ್ಲಿ ಜನಿಸಿದ ಅವರಿಗೆ ಬಾಲ್ಯದಲ್ಲಿ ಲೇಖಕಿಯಾಗುವ ಆಸೆ. ಮಾಧ್ಯಮಿಕ ಶಾಲೆಯ ಮೊದಲ ವರ್ಷ ಅವರು ಗಣಿತದಲ್ಲಿ ಹಿಂದುಳಿದರು, ಶಿಕ್ಷಕರೂ ಅವರಲ್ಲಿ ವಿಶೇಷ ಪ್ರತಿಭೆಯನ್ನು ಕಾಣಲಿಲ್ಲ. ಮರುವರ್ಷ ಹುರಿದುಂಬಿಸುವ ಶಿಕ್ಷಕರು ದೊರೆತಾಗ ಆಸಕ್ತಿ ಮರಳಿತು. ಮಕ್ಕಳಿಗೆ ಅರ್ಥಪೂರ್ಣವಾದ, ತೃಪ್ತಿ ನೀಡುವ ಉದ್ಯೋಗ ಸಿಗಬೇಕೆಂದು ಹೆತ್ತವರು ಬಯಸಿದರೇ ಹೊರತು ಯಶಸ್ಸಿಗಾಗಿ ಒತ್ತಾಯಿಸಲಿಲ್ಲವೆಂದು ಅವರು ನೆನಪಿಸಿಕೊಂಡಿದ್ದಾರೆ. ಆ ಬಾಲಕಿಯೇ 1994 ಮತ್ತು 1995ರ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡಿನಲ್ಲಿ ಚಿನ್ನ ಗೆದ್ದು, 2014ರಲ್ಲಿ ಗಣಿತದ ಅತ್ಯುನ್ನತ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಪಡೆದ ಪ್ರಪ್ರಥಮ ಮಹಿಳೆಯಾದರು. 2017ರಲ್ಲಿ, ನಲ್ವತ್ತರ ಹರೆಯದಲ್ಲಿ ತೀರಿಕೊಂಡರು. ಆ ಹಿಂದುಳಿದ ವರ್ಷದಲ್ಲಿ ಹೆತ್ತವರು ಗದರಿಸಿ ಕೂರಿಸಿದ್ದರೆ ಏನಾಗುತ್ತಿತ್ತೋ ಅಲ್ಲಾಹನೇ ಬಲ್ಲ.

ಈಗ ನಮ್ಮ ಊರಿಗೆ ಬರೋಣ. ನಮ್ಮ ಉಡುಪಿ ಜಿಲ್ಲೆ ವಿದ್ಯೆಯಲ್ಲಿ ಮುಂದಿದೆ. 2024ರ ಎಸ್ಸೆಸ್ಸೆಲ್ಸಿ ಮತ್ತು 2025ರ ದ್ವಿತೀಯ ಪಿಯುಸಿ ಫಲಿತಾಂಶಗಳಲ್ಲಿ ರಾಜ್ಯಕ್ಕೇ ಪ್ರಥಮ ಸ್ಥಾನ ಪಡೆಯಿತು. 1953ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಮಣಿಪಾಲದ ಗುಡ್ಡ ಇಂದು ದೇಶ ವಿದೇಶಗಳ ವಿದ್ಯಾರ್ಥಿಗಳಿಂದ ತುಂಬಿದೆ. ಇದು ಅಲ್ಲಾಹನ ಅನುಗ್ರಹ, ಸಂಶಯವಿಲ್ಲ. ಆದರೆ ಅದೇ ಗುಡ್ಡದ ನೆರಳು ಪುಟ್ಟ ಮಕ್ಕಳ ಮೇಲೆ ಬಹಳ ಬೇಗ ಬೀಳುತ್ತಿದೆ. ಸುಬಹಿನ ಬಳಿಕ ಮದ್ರಸ, ಅನಂತರ ಶಾಲೆ, ಸಂಜೆ ಉಡುಪಿಯಲ್ಲಿ ಟ್ಯೂಷನ್, ಭಾನುವಾರ ಮಣಿಪಾಲದಲ್ಲಿ ಕೋಚಿಂಗ್. ಲೆಕ್ಕದಲ್ಲಿ ಚುರುಕೆಂದು ಗೊತ್ತಾದ ಮಗುವಿಗೆ ಬಹುಮಾನವಾಗಿ ದೊರೆಯುವುದು ಇನ್ನಷ್ಟು ಲೆಕ್ಕ!

ಆ ಬಾಲಕನ ವಿಷಯದಲ್ಲಿ ನಾವು ಮಾಡಿದ ತಪ್ಪು ಇದೇ ಆಗಿತ್ತು. ಮದ್ರಸದ ವಾರ್ಷಿಕ ಸಮಾರಂಭದಲ್ಲಿ ಅವನನ್ನು ವೇದಿಕೆಗೆ ಕರೆದು ಸಭೆಯ ಮುಂದೆ ಲೆಕ್ಕ ಕೇಳಿದೆವು. ಜನ ಚಪ್ಪಾಳೆ ತಟ್ಟಿದರು. ಕೊಲ್ಲಿಯಲ್ಲಿ ದುಡಿಯುವ ತಂದೆಗೆ ವೀಡಿಯೊ ತಲುಪಿತು, ತಿಂಗಳೊಳಗೆ ಮೂರು ಕಡೆ ತರಗತಿ ಗೊತ್ತಾಯಿತು. ವರ್ಷ ಕಳೆಯುವಷ್ಟರಲ್ಲಿ ಅವನು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ. ಉತ್ತರ ಗೊತ್ತಿದ್ದರೂ ತಲೆ ತಗ್ಗಿಸಿ ಕೂರುತ್ತಿದ್ದ. ತಾಯಿ ಬಂದು, "ಉಸ್ತಾದ್, ಇವನಿಗೆ ಈಗ ಲೆಕ್ಕದ ಪುಸ್ತಕ ಕಂಡರೆ ಹೊಟ್ಟೆನೋವು" ಎಂದು ಕಣ್ಣೀರಿಟ್ಟರು. ಇಮಾಮ್ ಗಝಾಲಿಯವರ ಎಚ್ಚರಿಕೆಯನ್ನು ನಾವು ಎಷ್ಟೋ ಸಲ ಪ್ರವಚನದಲ್ಲಿ ಹೇಳಿದ್ದೆವು. ಅಂದು ಅದು ನಮ್ಮನ್ನೇ ನೋಡಿ ಹೇಳಿದಂತಿತ್ತು.

ತಂದೆಯೊಡನೆ ದೂರವಾಣಿಯಲ್ಲಿ ಮಾತನಾಡಿದೆವು. ವೇದಿಕೆಗೆ ಕರೆದ ನಮ್ಮ ತಪ್ಪನ್ನು ಮೊದಲು ಒಪ್ಪಿಕೊಂಡೆವು. ಅವರಿಗೆ ಒಪ್ಪಿಗೆಯಾಗಲು ಸಮಯ ಹಿಡಿಯಿತು, ಕೊನೆಗೆ ಎರಡು ತರಗತಿಗಳನ್ನು ಬಿಡಿಸಿದರು. ಆ ಬೇಸಿಗೆಯ ರಜೆಯನ್ನು ಬಾಲಕ ಕಾರ್ಕಳದ ಅಜ್ಜಿಯ ಮನೆಯಲ್ಲಿ ಕಳೆದ. ಮರಳಿದ ಮೇಲೆ ಒಂದು ದಿನ ತಾನಾಗಿಯೇ ಬಳಿಗೆ ಬಂದ. 1586ರಲ್ಲಿ ಕಟ್ಟಿದ ಅಲ್ಲಿನ ಚತುರ್ಮುಖ ಬಸದಿಯನ್ನು ನೋಡಿದನಂತೆ. ಅದು ನಾಲ್ಕು ದಿಕ್ಕಿಗೂ ಒಂದೇ ತೆರನಾದ ಮುಖವುಳ್ಳ ಕಲ್ಲಿನ ಕಟ್ಟಡ. "ರಾತ್ರಿ ಯಾರಾದರೂ ಅದನ್ನು ಕಾಲು ಸುತ್ತು ತಿರುಗಿಸಿಟ್ಟರೆ ಬೆಳಿಗ್ಗೆ ನಮಗೆ ಗೊತ್ತಾಗುತ್ತದೆಯೇ ಉಸ್ತಾದ್?" ಎಂದು ಕೇಳಿದ. ಯಾವ ಕೋಚಿಂಗಿನ ಪುಸ್ತಕದಿಂದಲೂ ಬಂದ ಪ್ರಶ್ನೆ ಅದಲ್ಲ. ತಿರುಗಿಸಿದರೂ ಬದಲಾಗದ ಆಕಾರಗಳ ಅಧ್ಯಯನ ಗಣಿತದಲ್ಲೊಂದು ದೊಡ್ಡ ಶಾಖೆಯೆಂದು ಅವನಿಗೆ ಹೇಳಿದೆವು. ಇನ್ನೇನನ್ನೂ ಹೇಳಲಿಲ್ಲ, ಯಾರಿಗೂ ವೀಡಿಯೊ ಕಳುಹಿಸಲಿಲ್ಲ.

ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ಲೆಕ್ಕ ಬಲ್ಲ ಮಗುವಿಗೆ ಹತ್ತು ಸುಲಭ ಲೆಕ್ಕಗಳ ಬದಲು ಒಂದು ಒಳ್ಳೆಯ ಸಮಸ್ಯೆ ಕೊಡಿ, ಅದರೊಡನೆ ವಾರವಿಡೀ ಕುಳಿತಿರಲು ಬಿಡಿ. ಒಲಿಂಪಿಯಾಡಿನಂತಹ ಪರೀಕ್ಷೆಗೆ ಅದು ತಾನಾಗಿ ಆಸೆಪಟ್ಟರೆ ನೆರವಾಗಿ, ಸೋತು ಬಂದ ದಿನ ಎಂದಿನಂತೆ ಊಟ ಬಡಿಸಿ. ನೆಂಟರ ಮುಂದೆ ಪರೀಕ್ಷಿಸಬೇಡಿ, ಒಡಹುಟ್ಟಿದವರೊಡನೆ ತೂಗಬೇಡಿ. ಸಂಜೆ ಕಾಪುವಿನ ಕಡಲತೀರದಲ್ಲಿ ಓಡಲು ಒಂದು ಗಂಟೆ ಉಳಿಸಿ. ಹೆಣ್ಣುಮಕ್ಕಳ ಪ್ರತಿಭೆಯನ್ನೂ ಇದೇ ಕಣ್ಣಿನಿಂದ ಕಾಣಿರಿ.

ಮಗುವಿನ ಬುದ್ಧಿ ನಮ್ಮ ಗಳಿಕೆಯಲ್ಲ, ಲಾಭ ತೆಗೆಯಬೇಕಾದ ಬಂಡವಾಳವೂ ಅಲ್ಲ. ಅದು ಅಲ್ಲಾಹನು ನಮ್ಮ ಕೈಯಲ್ಲಿ ಇರಿಸಿದ ಅಮಾನತ್ತು. ವಾರಸುದಾರರ ಪಾಲನ್ನು ಇಪ್ಪತ್ತೇಳನೇ ಒಂದರವರೆಗೂ ಎಚ್ಚರದಿಂದ ಎಣಿಸುವ ನಾವು, ನಮ್ಮ ಮಕ್ಕಳ ಬಾಲ್ಯದಲ್ಲಿ ಅವರಿಗೆ ಸೇರಬೇಕಾದ ಪಾಲನ್ನು ಕಸಿದುಕೊಳ್ಳದಿರೋಣ. ಆ ಅಮಾನತ್ತನ್ನು ಒಡೆಯದೆ ಹಿಂದಿರುಗಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.