ನಮ್ಮ ‘ನೀಲ’ ಲೈಲಾಕ್ ಆದ ಕಥೆ

ಇಂಗ್ಲಿಷ್ ಕಾದಂಬರಿ ಓದುವವರಿಗೆಲ್ಲ ಲೈಲಾಕ್ ಹೂವಿನ ಹೆಸರು ಗೊತ್ತು. ಆದರೆ ಹೂವನ್ನು ನೋಡಿದವರು ನಮ್ಮಲ್ಲಿ ಕಡಿಮೆ. ನೋಡೋಣ ಅಂದರೆ ಬಯಲುಸೀಮೆಯಲ್ಲಿ ಅದು ಬೆಳೆದರೆ ತಾನೆ? ವಾರಗಟ್ಟಲೆ ಕೊರೆಯುವ ಚಳಿ ತಿಂದರೇ ಅದು ಚೆನ್ನಾಗಿ ಹೂ ಬಿಡುವುದು. ಮೂವತ್ತು ವರ್ಷದಿಂದ ದೆಹಲಿಯಲ್ಲಿದ್ದರೂ ನಾನು ಇಲ್ಲಿನ ಚಳಿಗೆ ಈಗಲೂ ನಡುಗುತ್ತೇನೆ. ಲೈಲಾಕಿಗೆ ಮಾತ್ರ ಅದು ಸಾಲದು!

ಆದರೆ ಆ ಹೆಸರು ಇದೆಯಲ್ಲ, ಅದರ ಬೇರು ನಮ್ಮದೇ. ಸಂಸ್ಕೃತದ ‘ನೀಲ’ ಪಾರಸಿಗೆ ಹೋಗಿ ‘ನೀಲ್’ ಆಯಿತು. ಅದರಿಂದ ‘ನೀಲಕ್’, ಆಮೇಲೆ ‘ಲೀಲಕ್’. ಅರಬ್ಬಿ, ಸ್ಪ್ಯಾನಿಷ್, ಫ್ರೆಂಚ್ ಎಲ್ಲ ಸುತ್ತಿ ಇಂಗ್ಲಿಷಿಗೆ ಬರುವ ಹೊತ್ತಿಗೆ ಲೈಲಾಕ್. ನಂಟು ಹೆಸರಿಗಷ್ಟೇ ಅಲ್ಲ. ಸಸ್ಯಶಾಸ್ತ್ರದ ಪ್ರಕಾರ ಅದು ನಮ್ಮ ಮಲ್ಲಿಗೆ, ಪಾರಿಜಾತಗಳ ಕುಟುಂಬದ್ದೇ. ಅದರದೇ ಒಂದು ಜಾತಿ ನಮ್ಮ ಹಿಮಾಲಯದಲ್ಲಿ ತಾನಾಗಿಯೇ ಬೆಳೆಯುತ್ತದೆ.

ಮನೆತೋಟದ ಲೈಲಾಕಿನ ತವರು ಮಾತ್ರ ಬಾಲ್ಕನ್ ಬೆಟ್ಟಗಳು. ಅಲ್ಲಿಂದ ಅದು ತುರ್ಕಿ ಸುಲ್ತಾನರ ತೋಟ ಸೇರಿತು. ಸುಲ್ತಾನ ಸುಲೇಮಾನನ ಆಸ್ಥಾನದಲ್ಲಿ ರಾಯಭಾರಿಯಾಗಿದ್ದ ಬುಸ್ಬೆಕ್ 1562ರಲ್ಲಿ ವಿಯೆನ್ನಾಕ್ಕೆ ಮರಳಿದ. ಪಶ್ಚಿಮ ಯುರೋಪಿನ ತೋಟಗಳಿಗೆ ಲೈಲಾಕ್ ತಂದ ಹೆಗ್ಗಳಿಕೆ ಅವನದು. ಸಂಧಾನಕ್ಕೆಂದು ಹೋದವನು ಗಿಡ ತಂದ ನೋಡಿ!

ಇನ್ನೊಂದು ಕಥೆ ಫ್ರಾನ್ಸಿನ ನಾನ್ಸಿ ಊರಿನದು. ಅಲ್ಲಿ ವಿಕ್ಟರ್ ಲೆಮ್ವಾನ್ ಎಂಬಾತನ ನರ್ಸರಿ ಇತ್ತು. 1870ರಲ್ಲಿ ಯುದ್ಧ ಶುರುವಾಗಿ ಜರ್ಮನ್ ಸೈನ್ಯ ಊರನ್ನು ಆಕ್ರಮಿಸಿಕೊಂಡಿತು. ಲೆಮ್ವಾನ್ ದಂಪತಿ ಸುತ್ತುಸುತ್ತಾಗಿ ದಳಗಳಿರುವ ಲೈಲಾಕ್ ಹುಟ್ಟಿಸುವ ಕೆಲಸಕ್ಕೆ ಕೈಹಾಕಿದ್ದು ಆ ದಿನಗಳಲ್ಲೇ. ಅವನಿಗೆ ಕಣ್ಣು ಮಂಜು. ಹಾಗಾಗಿ ಏಣಿ ಹತ್ತಿ, ಒಂದೊಂದೇ ಪುಟ್ಟ ಹೂವಿಗೆ ಪರಾಗ ಮುಟ್ಟಿಸಿದವಳು ಹೆಂಡತಿ ಮರಿ ಲೂಯಿಸ್. ಮುಂದೆ ಆ ನರ್ಸರಿ ಇನ್ನೂರಕ್ಕೂ ಹೆಚ್ಚು ತಳಿಗಳನ್ನು ಕೊಟ್ಟಿತು. 1890ರಲ್ಲಿ ಬಂದ ಒಂದು ಬಿಳಿ ತಳಿಯ ಹೆಸರು ‘ಮದಾಮ್ ಲೆಮ್ವಾನ್’. ಇಂದಿಗೂ ಅದನ್ನು ಬೆಳೆಯುತ್ತಾರೆ. ಊರೇ ಕೈತಪ್ಪಿದಾಗ ಹೂ ಯಾಕೆ ಅಂತ ಅವರಿಗೆ ಅನಿಸಲಿಲ್ಲವಲ್ಲ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ಸರಿ, ನಮ್ಮ ಅಂಗಳಕ್ಕೆ ಏನು? ಇಲ್ಲಿ ‘ಪರ್ಷಿಯನ್ ಲೈಲಾಕ್’ ಅಂತ ಕರೆಯುವ ಮರ ನಿಜವಾದ ಲೈಲಾಕ್ ಅಲ್ಲ. ಅದು ಹಿಂದಿಯ ಬಕಾಯಿನ್, ನಮ್ಮ ಹುಚ್ಚುಬೇವು. ಬೇವಿನ ಕುಟುಂಬದ್ದು. ಹೂವಿನ ಬಣ್ಣ, ಗೊಂಚಲು, ಸುವಾಸನೆ ನೋಡಿ ಆ ಹೆಸರು ಅಂಟಿಕೊಂಡಿದೆ. 1753ರಲ್ಲಿ ಲಿನೇಯಸ್ ಇದಕ್ಕಿಟ್ಟ ಹೆಸರಿನಲ್ಲಿರುವ ‘ಅಜೆಡರಾಕ್’ ಕೂಡ ಪಾರಸಿಯ ‘ಆಜಾದ್ ದರಖ್ತ್’ನಿಂದ ಬಂದದ್ದು. ಅಂದರೆ ಸ್ವತಂತ್ರ ಮರ! ಗಟ್ಟಿಯಾದ ಬೀಜವನ್ನು ಜಪಮಾಲೆಗೆ ಪೋಣಿಸುವ ರೂಢಿಯೂ ಇತ್ತು.

ಮಾರ್ಚ್ ಬಂತೆಂದರೆ ದೆಹಲಿಯ ರಸ್ತೆಬದಿಯಲ್ಲಿ ತಿಳಿನೇರಳೆ ಗೊಂಚಲು. ಯುಗಾದಿಯೂ ಆಗಲೇ ಬರುವುದರಿಂದ, ಊರಿಂದ ಹೊಸದಾಗಿ ಬಂದವರಿಗೆ ಒಂದು ಮಾತು. ಬೇವು ಅಂದುಕೊಂಡು ಇದನ್ನು ಬೇವು-ಬೆಲ್ಲಕ್ಕೆ ಹಾಕಬೇಡಿ. ಇದು ವಿಷದ ಮರ. ಹಣ್ಣು ತಿಂದರಂತೂ ವಾಂತಿ-ಭೇದಿ, ಹೆಚ್ಚಾದರೆ ಜೀವಕ್ಕೇ ಅಪಾಯ. ಗುರುತು ಸುಲಭ. ಬೇವಿನ ಎಲೆಕಡ್ಡಿಯ ಎರಡೂ ಕಡೆ ನೇರವಾಗಿ ಎಲೆ ಇರುತ್ತದೆ. ಬಕಾಯಿನ್ ಎಲೆಕಡ್ಡಿ ಮತ್ತೆ ಮತ್ತೆ ಕವಲೊಡೆಯುತ್ತದೆ. ಬೇವಿನ ಹೂ ಬಿಳಿ, ಇದರದ್ದು ನೇರಳೆ.

ಬೆಳೆಸುವ ಆಸೆ ಇದ್ದರೆ ಧಾರಾಳವಾಗಿ ಬೆಳೆಸಿ. ಬೀಜ ಹಾಕಿದರೆ ಸಾಕು, ಬಿಸಿಲಿದ್ದಲ್ಲಿ ಬೇಗ ಎತ್ತರವಾಗುತ್ತದೆ. ಕೊಂಬೆ ಪೆಡಸು, ಗಾಳಿಗೆ ಮುರಿಯುತ್ತದೆ. ಅದಕ್ಕೇ ಗೋಡೆಯಿಂದ, ಮಕ್ಕಳು ಆಡುವ ಜಾಗದಿಂದ ದೂರ ನೆಡಿ.