ಗಣಕಯಂತ್ರದ ಗುಪ್ತ ನಂಬರು

ಗಡಿಯಾಚೆಯ ಕನ್ನಡ ಸಾಲಿಯಲ್ಲಿ ಕಲಿಸುವ ನಮಗೆ ಪ್ಯಾಟಿ ಎಂದರೆ ಸಾಂಗ್ಲಿ, ಮಿರಜ. ಮಿರಜದಲ್ಲಿ ತಂಬೂರಿ ಮಾಡುವವರ ಅಂಗಡಿಗೆ ಹೋದರೆ ಮೊದಲ ಪ್ರಶ್ನೆ, ಹಾಡುವವರು ಗಂಡಸರೋ ಹೆಂಗಸರೋ, ಶ್ರುತಿ ಯಾವುದು? ಇದು ತಿಳಿಯದೆ ತಂಬೂರಿಯ ಅಳತೆ ಕೂಡುವುದಿಲ್ಲ. ಗಿರಾಕಿ ತಾನಾಗಿ ಹೇಳುತ್ತಾನೆ. ಇದು ಕೇಳಿ ಮಾಡುವ ವ್ಯಾಪಾರ. ಕೇಳದೆ ತಿಳಿದುಕೊಳ್ಳುವ ವ್ಯಾಪಾರವೂ ಒಂದಿದೆ, ಅದರ ಕಥೆ ಇದು.

ಕೆಲವು ವರ್ಷದ ಹಿಂದೆ ಸಾಲಿಗೆ ಗಣಕಯಂತ್ರ ಬಂತು. ಚಾಲೂ ಮಾಡಿದಾಗ ತೆರೆಯ ಮೇಲೆ ಇಂಗ್ಲಿಷಿನಲ್ಲಿ ಉದ್ದ ಸೂಚನೆ. ನಾವು ಮಾಸ್ತರರೆಲ್ಲ ಕೂಡಿ, ಓದದೆ, ದೊಡ್ಡ ಗುಂಡಿ ಒತ್ತಿ ಮುಗಿಸಿದೆವು (ತಪ್ಪು ನಮ್ಮದೇ!). ಮುಂದೊಂದು ದಿನ ಆರನೇ ಇಯತ್ತೆಯ ಹುಡುಗಿ ಸಾಂಗ್ಲಿಯ ವಿಷ್ಣುದಾಸ ಭಾವೆಯವರು 1843ರಲ್ಲಿ ಆಡಿಸಿದ ನಾಟಕದ ಬಗ್ಗೆ ಹುಡುಕುತ್ತಿದ್ದಳು. ಪಕ್ಕದಲ್ಲಿ ಬೂಟಿನ ಜಾಹೀರಾತು. ಹಿಂದಿನ ಸಂಜೆ ನಾವು ನೋಡಿದ್ದ ಅದೇ ಬೂಟು! "ಸರ್, ನಿಮ್ಮ ಬೂಟಿನ ಸುದ್ದಿ ಇದಕ್ಕ ಹ್ಯಾಂಗ ಗೊತ್ತಾತು?" ಎಂದಳು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಆ ಜಾಹೀರಾತು ಬ್ರೌಸರ್ ಇಟ್ಟುಕೊಂಡ ಗುರುತಿನಿಂದ ಬಂದಿರಬೇಕು. ಆದರೆ ಅವಳ ಪ್ರಶ್ನೆ ಹಿಡಿದು ಹೋದಾಗ, ಅದರ ಕೆಳಗೆ ಆಪರೇಟಿಂಗ್ ಸಿಸ್ಟಮ್‌ನಲ್ಲಿಯೇ ನಂಬರು ಇರುತ್ತದೆ ಎಂದು ತಿಳಿಯಿತು.

ಇದರ ಜಗಳ 1999ರಷ್ಟು ಹಳೆಯದು. ಆ ವರ್ಷ ಇಂಟೆಲ್ ಕಂಪನಿ ಪೆಂಟಿಯಮ್ 3 ಚಿಪ್ಪಿನೊಳಗೆ ತಂತ್ರಾಂಶಗಳು ಓದಬಲ್ಲ ಕ್ರಮಸಂಖ್ಯೆ ಇಟ್ಟಿತು. ಜನ ಗದ್ದಲ ಮಾಡಿದರು, ಮುಂದಿನ ಚಿಪ್ಪುಗಳಲ್ಲಿ ಕೈಬಿಟ್ಟರು. ಅದೇ ಮಾರ್ಚಿನಲ್ಲಿ ವಿಂಡೋಸ್ 98 ನೋಂದಣಿಯ ವೇಳೆ ಯಂತ್ರದ ಗುರುತಿನ ಸಂಖ್ಯೆಯನ್ನು ಮೈಕ್ರೋಸಾಫ್ಟ್‌ಗೆ ಕಳಿಸುತ್ತದೆ ಎಂಬುದು ಬಯಲಾಯಿತು. ಸರಿಪಡಿಸುತ್ತೇವೆ ಎಂದರು.

ಆಗ ನಂಬರು ಎಂದರೆ ಕದ್ದು ಮಾಡುವ ಕೆಲಸ, ಸಿಕ್ಕರೆ ನಾಚಿಕೆ. ಆಮೇಲೆ ನಾಚಿಕೆಯೇ ಹೋಯಿತು ನೋಡಿ. 2012ರಲ್ಲಿ ಆ್ಯಪಲ್ ಫೋನಿಗೆ, 2013ರಲ್ಲಿ ಆಂಡ್ರಾಯ್ಡ್ ಮತ್ತು ವಿಂಡೋಸ್ 8.1ಕ್ಕೆ ಜಾಹೀರಾತಿನ ನಂಬರು ಬಂತು. ಹೆಸರೇ 'ಅಡ್ವರ್ಟೈಸಿಂಗ್ ಐಡಿ'! ಬಳಕೆದಾರನ ಹೆಸರು ಬೇಕಿಲ್ಲ. ಒಂದು ಆ್ಯಪ್‌ನಲ್ಲಿ ಮಾಡಿದ್ದು, ಇನ್ನೊಂದರಲ್ಲಿ ನೋಡಿದ್ದು ಒಂದೇ ನಂಬರಿಗೆ ಜಮೆಯಾಗುತ್ತದೆ. ನಮ್ಮ ಸಾಲಿಯಲ್ಲಿ ಎಲ್ಲ ಮಕ್ಕಳಿಗೂ ಒಂದೇ ಖಾತೆ, ಅಂದಮೇಲೆ ಇಡೀ ಸಾಲಿಗೆ ಒಂದೇ ನಂಬರು.

ಪುಕ್ಕಟೆ ಸಿಗುವ ಉಬುಂಟು ಕೂಡ ಹೊರತಾಗಲಿಲ್ಲ. 2012ರ ಅಕ್ಟೋಬರಿನ 12.10 ಆವೃತ್ತಿಯಲ್ಲಿ ನಿಮ್ಮದೇ ಕಡತ ಹುಡುಕಲು ಬರೆದ ಅಕ್ಷರಗಳು ಕ್ಯಾನೊನಿಕಲ್ ಕಂಪನಿಯ ಸರ್ವರಿಗೆ ಹೋಗಿ, ಅಮೆಜಾನ್ ಸರಕುಗಳು ಕಾಣಿಸುತ್ತಿದ್ದವು. ರಿಚರ್ಡ್ ಸ್ಟಾಲ್‌ಮನ್ ಇದನ್ನು ಬೇಹುಗಾರಿಕೆ ತಂತ್ರಾಂಶ ಎಂದೇ ಕರೆದರು. 2016ರ 16.04ರಲ್ಲಿ ಅದನ್ನು ತಾನಾಗಿ ಚಾಲೂ ಇಡುವುದು ನಿಂತಿತು.

2015ರ ವಿಂಡೋಸ್ 10ರಲ್ಲಿ 'ಎಕ್ಸ್‌ಪ್ರೆಸ್ ಸೆಟ್ಟಿಂಗ್ಸ್' ಎಂಬ ಸುಲಭದ ದಾರಿ ಇತ್ತು. ಅದನ್ನು ಒತ್ತಿದರೆ ಜಾಹೀರಾತು ನಂಬರೂ ಚಾಲೂ. 2016ರ ಜುಲೈನಲ್ಲಿ ಫ್ರಾನ್ಸಿನ ದತ್ತಾಂಶ ರಕ್ಷಣಾ ಸಂಸ್ಥೆ ಸಿ.ಎನ್.ಐ.ಎಲ್., ಒಪ್ಪಿಗೆ ಪಡೆಯದೆ ಇದನ್ನು ಚಾಲೂ ಇಟ್ಟಿದ್ದೀರಿ ಎಂದು ಮೂರು ತಿಂಗಳ ಗಡುವು ಕೊಟ್ಟಿತು. 2017ರಲ್ಲಿ ಕಂಪನಿ ಆಯ್ಕೆಗಳನ್ನು ಬಿಡಿಬಿಡಿಯಾಗಿ ಕೇಳತೊಡಗಿತು. ನಮ್ಮಲ್ಲಿ ಹೀಗೆ ಕೇಳುವವರು ಯಾರೂ ಇರಲಿಲ್ಲ, ಕೇಳಲು ಕಾಯ್ದೆಯೂ ಇರಲಿಲ್ಲ.

ದಾರಿ ತೆರೆದವರು ಒಬ್ಬ ಕನ್ನಡಿಗರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಮುಂದೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. 18 ವರ್ಷದೊಳಗಿನವರನ್ನು ಹಿಂಬಾಲಿಸಿ ಜಾಹೀರಾತು ತೋರಿಸಬಾರದು ಎಂದು ಅದರ 9ನೇ ಕಲಮು. ನಮ್ಮ ಕಣ್ಣು ನಿಂತದ್ದು ಮಾತ್ರ 5ನೇ ಕಲಮಿನ ಮೇಲೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಆಯ್ಕೆ ಕೊಡಬೇಕು. ಅನುಸೂಚಿಯಲ್ಲಿ ಕನ್ನಡ ಇದೆ. ಓದುವವರು ಯಾವ ರಾಜ್ಯದವರು ಎಂದು ಕಲಮು ಕೇಳುವುದಿಲ್ಲ! ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು, ಇಂಥ ಮುಖ್ಯ ಕಲಮುಗಳ ಜಾರಿಗೆ 18 ತಿಂಗಳ ಅವಧಿ ಇಟ್ಟರು.

ಅಲ್ಲಿಯವರೆಗೆ ಕಾಯಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಎಂಬಲ್ಲಿ ಹೋಗಿ ಸಾಲಿಯ ಗಣಕಯಂತ್ರದ ಜಾಹೀರಾತು ನಂಬರು ಬಂದ್ ಮಾಡಿದೆವು. ಎರಡು ನಿಮಿಷದ ಕೆಲಸ. ಗುಂಡಿ ಒತ್ತಿದವಳು ಅದೇ ಹುಡುಗಿ. ಒತ್ತುವ ಮೊದಲು ಅಲ್ಲಿ ಏನು ಬರೆದಿದೆ ಎಂದು ಪೂರ್ತಿ ಓದಿಸಿಕೊಂಡಳು.