ಕೀಳೇರಿಯ ಗದ್ದೆಯೂ ಮಟ್ಟಸ ನಕ್ಷೆಯೂ

ಬೆಂಗಳೂರಿನ ಆಗ್ನೇಯದ ಅಗರದಲ್ಲಿ ದೊರೆತ, ಸುಮಾರು ಕ್ರಿ.ಶ. 870ರ ಗಂಗರ ಕಾಲದ ಕನ್ನಡ ಶಾಸನವೊಂದು ಕೆರೆಗಳ ವಿಚಾರವನ್ನು ಹೇಳುತ್ತದೆ. ಇರ್ವುಲಿಯೂರಿನ, ಎಂದರೆ ಇಂದಿನ ಇಬ್ಬಲೂರಿನ, ಒಡೆಯನ ಮನೆತನದವನೊಬ್ಬನು ಎರಡು ಕೆರೆಗಳಿಗೆ ತೂಬನ್ನಿಡಿಸಿ, ಮೂಡಣ ಕೆರೆಯನ್ನು ಕಟ್ಟಿಸಿ, ಬಿತ್ತುವಟ್ಟವನ್ನು ಪಡೆದನೆಂಬುದು ಅದರ ಸಾರ. ಸಾಹಿತ್ಯದ ವಿದ್ಯಾರ್ಥಿಗಳು ಇಂತಹ ಪಾಠದಲ್ಲಿ ಲಿಪಿಯನ್ನು, ವಿಭಕ್ತಿರೂಪಗಳನ್ನು, ರಾಜವಂಶವನ್ನು ಗುರುತಿಸಿ ಮುಂದೆ ಸಾಗುವುದು ವಾಡಿಕೆ. ಆದರೆ ತೂಬು ಎಂಬ ಮಾತಿಗೆ ಅರ್ಥ ಬರುವುದು ಏರಿಯ ಒಂದು ಬದಿಯ ನೀರಿನ ಮಟ್ಟ ಇನ್ನೊಂದು ಬದಿಯ ಗದ್ದೆಗಿಂತ ಮೇಲಿದ್ದಾಗ ಮಾತ್ರ. ಕೋಡಿ, ಅಚ್ಚುಕಟ್ಟು, ದಿಣ್ಣೆ, ಏರಿಯ ಕೆಳಗಿನ ಭೂಮಿಯನ್ನು ಸೂಚಿಸುವ ‘ಕೀಳೇರಿ’ – ಶಾಸನಗಳ ಭೂವರ್ಣನೆಯ ಈ ಪದಕೋಶವೆಲ್ಲ ಎತ್ತರ ತಗ್ಗುಗಳ ಪದಕೋಶವಾಗಿದೆ. ಉದ್ದ ಅಗಲಗಳನ್ನು ಮಾತ್ರ ಬಲ್ಲ ಮಟ್ಟಸ ನಕ್ಷೆಯ ಮೇಲೆ ಅದನ್ನು ಇಟ್ಟು ಓದಿದರೆ ಅರ್ಧ ಅರ್ಥ ಸೋರಿಹೋಗುತ್ತದೆ.

ಈ ಸೋರಿಕೆಗೆ ಎರಡು ಶತಮಾನಗಳ ಇತಿಹಾಸವಿದೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಕಾಲಿನ್ ಮೆಕೆಂಝಿ ಮೈಸೂರು ಸೀಮೆಯ ಮೋಜಣಿಯನ್ನು ಕೈಗೊಂಡನು. ನಕ್ಷೆ ಬರೆಸಿದ ಅದೇ ಮನುಷ್ಯನು ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದನೆಂಬುದು ಗಮನಾರ್ಹ. ಮುಂದೆ ಈ ಎರಡು ವಿದ್ಯೆಗಳು ಬೇರೆಬೇರೆ ಕಚೇರಿಗಳ ಪಾಲಾದವು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದನು. 1868ರಲ್ಲಿ ಮತ್ತೊಂದು ರೇಖೆಯನ್ನು ಅಳೆಯಲಾಯಿತು. ಅದರ ಒಂದು ತುದಿ ಇಂದಿನ ಮೇಖ್ರಿ ವೃತ್ತದ ಬಳಿ, ಇನ್ನೊಂದು ತುದಿ ಈಶಾನ್ಯದ ಕಣ್ಣೂರಿನಲ್ಲಿ. ಕಣ್ಣೂರಿನ ಆ ವೀಕ್ಷಣಾಲಯ 2024ರಲ್ಲಿ ನೆಲಸಮವಾಯಿತು.

ಆ ಪರಂಪರೆಯ ಕೂಸಾದ ಸರ್ವೇ ಆಫ್ ಇಂಡಿಯಾದ ನಕ್ಷೆಗಳು (ಬೆಂಗಳೂರಿಗೆ ಸಂಬಂಧಿಸಿದವು 57 ಜಿ/12 ಮತ್ತು 57 ಹೆಚ್/9) 1:50,000 ಪ್ರಮಾಣದವು. ಇವುಗಳಲ್ಲಿ ಸಮೋನ್ನತಿ ರೇಖೆಗಳ ನಡುವಿನ ಅಂತರ 20 ಮೀಟರ್. ಕೆರೆಯ ಏರಿಯೊಂದು ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಮೆ ಎತ್ತರದ್ದು. ಹೀಗಾಗಿ ಶಾಸನಕಾರನು ಅಷ್ಟು ಜತನದಿಂದ ಹೇಳಿದ ಮೇಲು ಕೀಳುಗಳೆಲ್ಲ ಎರಡು ಗೆರೆಗಳ ನಡುವಿನ ಬರಿದಾದ ಜಾಗದಲ್ಲಿ ಅಡಗಿಬಿಡುತ್ತವೆ.

ಮಟ್ಟಸ ನಕ್ಷೆಯನ್ನು ಮೂರು ಆಯಾಮದ ದೃಶ್ಯವನ್ನಾಗಿ ಪರಿವರ್ತಿಸುವ ಗಣಕವಿದ್ಯೆ ಶಾಸನಾಧ್ಯಯನಕ್ಕೆ ಪ್ರಸ್ತುತವಾಗುವುದು ಇಲ್ಲಿಯೇ. 2000ದ ಫೆಬ್ರವರಿಯಲ್ಲಿ ಅಮೆರಿಕದ ಗಗನನೌಕೆಯೊಂದು ರೇಡಾರ್ ಮೂಲಕ ಭೂಮಿಯ ಬಹುಭಾಗದ ಎತ್ತರಗಳನ್ನು ದಾಖಲಿಸಿತು. ಸುಮಾರು 30 ಮೀಟರಿಗೊಂದರಂತೆ ಆ ಅಂಕಿಗಳು ಈಗ ಎಲ್ಲರಿಗೂ ಮುಕ್ತ. 2005ರಲ್ಲಿ ಇಸ್ರೋ ಹಾರಿಸಿದ ಕಾರ್ಟೋಸ್ಯಾಟ್-1 ಉಪಗ್ರಹದ ಜೋಡಿಚಿತ್ರಗಳಿಂದಲೂ ಇಂತಹ ಎತ್ತರಗಳ ಜಾಲ ಸಿದ್ಧವಾಗಿದೆ. ಕ್ಯೂಜಿಐಎಸ್‌ನಂತಹ ಮುಕ್ತ ತಂತ್ರಾಂಶವು ಈ ಅಂಕಿಗಳನ್ನು ಪುಟ್ಟ ತ್ರಿಕೋನಗಳ ಬಲೆಯಾಗಿ ಹೆಣೆದು, ಅದರ ಮೇಲೆ ಹಳೆಯ ನಕ್ಷೆಯನ್ನು ಬಟ್ಟೆಯಂತೆ ಹೊದಿಸುತ್ತದೆ. ಕಟ್ಟಡಗಳ ತಳವಿನ್ಯಾಸವನ್ನು ಅವುಗಳ ಎತ್ತರಕ್ಕೆ ತಕ್ಕಂತೆ ಮೇಲಕ್ಕೆ ಎಳೆಯುತ್ತದೆ. ಓದುಗನು ಬ್ರೌಸರಿನಲ್ಲಿ ಆ ನೆಲವನ್ನು ತಿರುಗಿಸಿ, ಬಾಗಿಸಿ, ಏರಿಯ ಮೇಲೆ ನಿಂತವನಂತೆ ನೋಡಬಹುದು.

ಹಾಗೆ ನೋಡಿದಾಗ ಬೆಂಗಳೂರಿನ ಪೂರ್ವಭಾಗ ಬೇರೆಯೇ ಊರಾಗಿ ಕಾಣುತ್ತದೆ. ಹೆಬ್ಬಾಳದಿಂದ ನಾಗವಾರ, ಕಲ್ಕೆರೆ, ರಾಂಪುರಗಳ ಕಡೆಗೆ ಒಂದು ಕಣಿವೆ ಇಳಿಯುತ್ತದೆ. ಹಲಸೂರು, ಚಲ್ಲಘಟ್ಟ, ಬೆಳ್ಳಂದೂರು, ವರ್ತೂರುಗಳನ್ನು ಪೋಣಿಸುತ್ತ ಇನ್ನೊಂದು ಕಣಿವೆ ದಕ್ಷಿಣ ಪಿನಾಕಿನಿಯತ್ತ ಸಾಗುತ್ತದೆ. ಸರ್ವಜ್ಞನಗರ, ಇಂದಿರಾನಗರ ಎಂಬ ಹೆಸರುಗಳು ಇತ್ತೀಚಿನವು. ಇಳಿಜಾರು ಮಾತ್ರ ಹಳೆಯದು. ಚಲ್ಲಘಟ್ಟದ ಕೆರೆಯಂಗಳ ಇಂದು ಗಾಲ್ಫ್ ಮೈದಾನ. 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರು, ಯಮಲೂರುಗಳ ಮನೆಗಳಿಗೆ ನೀರು ನುಗ್ಗಿದಾಗ ಅಚ್ಚರಿಪಟ್ಟವರು ಬಹುಮಂದಿ. ಕೀಳೇರಿ ಎಂಬ ಪದವನ್ನು ಬಳಸುತ್ತಿದ್ದ ಒಕ್ಕಲಿಗನಿಗೆ ಆ ಅಚ್ಚರಿ ಇರುತ್ತಿರಲಿಲ್ಲ.

ಆದರೆ ಈ ದೃಶ್ಯವನ್ನು ಮೂಲವೆಂದು ಭ್ರಮಿಸಬಾರದು. ಅದೂ ಒಂದು ಸಂಪಾದಿತ ಪಾಠವೇ. ಹಲಸೂರಿನಿಂದ ವರ್ತೂರಿನವರೆಗಿನ ಇಳಿತ ಕೆಲವು ಹತ್ತು ಮೀಟರುಗಳಷ್ಟೇ ಆದುದರಿಂದ, ನೈಜ ಪ್ರಮಾಣದಲ್ಲಿ ತೋರಿಸಿದರೆ ಕಣ್ಣಿಗೆ ಏನೂ ಕಾಣದು. ಆಗ ಎತ್ತರವನ್ನು ಐದು ಪಟ್ಟು, ಹತ್ತು ಪಟ್ಟು ಹಿಗ್ಗಿಸುವುದು ರೂಢಿ. ತ್ರುಟಿತ ಅಕ್ಷರವನ್ನು ಊಹಿಸಿ ತುಂಬಿದ ಸಂಪಾದಕನು ಅದನ್ನು ಕಂಸದಲ್ಲಿಟ್ಟು ಪ್ರಾಮಾಣಿಕನಾಗುತ್ತಾನೆ; ಹಿಗ್ಗಿಸಿದ ಪಟ್ಟನ್ನು ನಮೂದಿಸದ ದೃಶ್ಯಕ್ಕೆ ಅಂತಹ ಕಂಸವಿಲ್ಲ. ಮೇಲಾಗಿ ರೇಡಾರ್ ಅಳೆದುದು 2000ದ ಮೇಲ್ಮೈಯನ್ನು – ಮರಗಳ ನೆತ್ತಿ, ಕಟ್ಟಡಗಳ ತಾರಸಿಗಳನ್ನೂ ಸೇರಿಸಿ. ಹೂಳು, ಮಣ್ಣುತುಂಬಿಕೆ, ಬಡಾವಣೆಗಳ ಕೆಳಗಿರುವ ಒಂಬತ್ತನೆಯ ಶತಮಾನದ ನೆಲ ಅದಕ್ಕೆ ಗೋಚರಿಸಿಲ್ಲ. ಅಗರ ಶಾಸನದ ‘ಮೂಡಣ ಕೆರೆ’ ಇಂದಿನ ಯಾವ ಕೆರೆಯೆಂದು ಈ ವಿದ್ಯೆ ನಿರ್ಣಯಿಸಲಾರದು. ಆದರೆ ನೀರು ನಿಲ್ಲಲಾರದ ಎಡೆಗಳನ್ನು ತೋರಿಸಿ, ಸಾಧ್ಯತೆಗಳ ಪಟ್ಟಿಯನ್ನು ಕಿರಿದುಗೊಳಿಸಬಲ್ಲದು. ಸ್ಥಳನಾಮಗಳ ಧ್ವನಿಸಾಮ್ಯವೊಂದನ್ನೇ ನೆಚ್ಚುವ ವಾಡಿಕೆಗಿಂತ ಇದು ಗಟ್ಟಿಯಾದ ಆಧಾರ.

ಇನ್ನು ಕಲ್ಲುಗಳ ಮಾತು. ದಿ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. ಅಚ್ಚೊತ್ತಿದ ಕಾಗದದಲ್ಲಿ ಮಸಿಯ ಕಲೆಯಂತೆ ಕಂಡ ಅಕ್ಷರ, ಸ್ಕ್ಯಾನಿನಲ್ಲಿ ಬೆಳಕನ್ನು ಓರೆಯಾಗಿಸಿದಾಗ ಉಳಿಯ ಆಳದೊಡನೆ ಎದ್ದುಬರುತ್ತದೆ. ಇಂತಹ ಕಲ್ಲನ್ನು ನೆಲದ ದೃಶ್ಯದೊಳಗೆ ನಿಲ್ಲಿಸಬೇಕೆಂಬುದು ಮುಂದಿನ ಸಹಜ ಹೆಜ್ಜೆ. ತೊಡಕು ಎದುರಾಗುವುದೂ ಅಲ್ಲಿಯೇ. ರಸ್ತೆ ಅಗಲೀಕರಣ, ದೇವಾಲಯದ ಜೀರ್ಣೋದ್ಧಾರ, ಬಡಾವಣೆಗಳ ನಡುವೆ ಕಲ್ಲುಗಳು ಜಾಗ ಬದಲಿಸಿವೆ. ಇಂದು ಅವು ನಿಂತಿರುವ ಎಡೆಯ ಅಕ್ಷಾಂಶ ರೇಖಾಂಶಗಳು ಅವು ಮಾತಾಡುವ ನೆಲದ್ದಲ್ಲದಿರಬಹುದು. ಆದ್ದರಿಂದ ಪ್ರತಿಯೊಂದು ಕಲ್ಲಿಗೂ ಎರಡು ಸ್ಥಾನಗಳನ್ನು ದಾಖಲಿಸಬೇಕಾಗುತ್ತದೆ – ಈಗಿನದು ಮತ್ತು ಮೂಲದ್ದು. ಮೂಲಸ್ಥಾನಕ್ಕೆ ಅನೇಕ ವೇಳೆ ಉಳಿದಿರುವ ಸಾಕ್ಷಿ, ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ಪಾಠದ ತಲೆಯ ಮೇಲೆ ಅಚ್ಚುಮಾಡಿಸಿದ ಒಂದು ಸಾಲು ಮಾತ್ರ: ಇಂಥ ಊರು, ಇಂಥ ಗುಡಿಯ ಮುಂದೆ, ಇಂಥ ಹೊಲದಲ್ಲಿ.